ಸೂಗಮ್ಮ ಎತ್ತಿದ ಫೋನು

"ಫೋನ್ ಬಂತು ಅಂತ ತಿಳ್ಕೊ. ಎತ್ತು," ಎಂದಳು ಕೋಕಿಲಾ.

ಸೂಗಮ್ಮ ಹಿಟ್ಟು ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಗಂಟೆ ಬಾರಿಸದ ಫೋನಿನ ರಿಸೀವರನ್ನು ಕಿವಿಗೆ ಹಿಡಿದಳು. "ಗುಡ್ ಮಾರ್ನಿಂಗ್. ಕೋಕಿಲಾಸ್ ಮದರ್ ಸ್ಪೀಕಿಂಗ್."

"ಹೌ ಆರ್ ಯೂ?"

"ಫೈನ್, ಥ್ಯಾಂಕ್ ಯೂ." ರಿಸೀವರ್ ಇಟ್ಟು ಮಗಳ ಮುಖ ನೋಡಿದಳು. "ಸಂಜೀಕ ಮಾಡಿದ್ರೂ ಮಾರ್ನಿಂಗೇ ಏನ?"

"ಸಂಜೀಕ ಈವ್ನಿಂಗ್."

"ಒಂದ ಹೊತ್ತಿಂದು ಕಲಸವಾ. ಎರಡು ಹೊತ್ತಿಂದು ಈ ತಲಿಗಿ ಭಾಳ ಆಗ್ತೈತಿ."

ಕೋಕಿಲಾಳಿಗೆ ನಗು ಬರಬೇಕಿತ್ತು. ಬರಲಿಲ್ಲ. "ಹಲೋ ಅನ್ನು, ಸಾಕು," ಎಂದು ಚಪ್ಪಲಿ ಮೆಟ್ಟಿಕೊಂಡಳು.

ಅಮೀರ್‌ಪೇಟೆಯಲ್ಲಿ ಕಂಪ್ಯೂಟರ್ ಕೋರ್ಸುಗಳ ಬೋರ್ಡುಗಳ ಹಿಂದೆ ಅಡಗಿದ್ದ ಒಂದು ಕೋಣೆಯಲ್ಲಿ ಅವಳು ಹುಡುಗರಿಗೆ ಇಂಗ್ಲಿಷ್ ಮಾತಾಡಲು ಕಲಿಸುತ್ತಿದ್ದಳು. ಅವಳ ಹತ್ತಿರ ನಾಲಿಗೆ ತಿದ್ದಿಸಿಕೊಂಡವರು ಡಲ್ಲಾಸಿಗೆ ಹೋದರು, ಸಿಡ್ನಿಗೆ ಹೋದರು, ರಜೆಗೆ ಬಂದಾಗ ಚಾಕೊಲೇಟ್ ತಂದುಕೊಟ್ಟರು. ಈಗ ಸಂಸ್ಥೆಯವರು ಕಾಲ್ ಸೆಂಟರಿನಲ್ಲಿ ಪಳಗಿದ ಎಳೆಯ ಹುಡುಗಿಯರನ್ನು ಗೊತ್ತುಮಾಡಿಕೊಂಡು, ದಸರೆಯ ನಂತರ ನೀವು ಬರುವುದು ಬೇಡ ಎಂದುಬಿಟ್ಟಿದ್ದರು. ಹೊರದೇಶದ ಶಾಲೆಗಳಿಗೆ ಬರೆದಳು. ಇಂಗ್ಲಿಷ್ ತಾಯಿನುಡಿಯಾದವರು ಬೇಕು ಎಂದು ಎಲ್ಲರೂ ತಿರುಗಿ ಬರೆದರು. ಥಾಯ್ಲೆಂಡಿನ ಒಂದು ಶಾಲೆ ಮಾತ್ರ, ಮನೆಯಲ್ಲಿ ಮೊದಲಿನಿಂದಲೂ ಇಂಗ್ಲಿಷೇ ಆಡುವವರಾದರೆ ಇಂಡಿಯಾದವರೂ ನಡೆದೀತು, ಯಾವಾಗಲಾದರೂ ಮನೆಗೆ ಫೋನು ಮಾಡಿ ಪರೀಕ್ಷಿಸುತ್ತೇವೆ ಎಂದಿತು. ಕೆಲಸ ಕೊಡಿಸುವ ಏಜೆಂಟ್ ಗುರುಬಸವ ಅವಳನ್ನು ಕೇಳದೆಯೇ ಹೌದೆಂದು ಬರೆದು ಕಳಿಸಿದ್ದ. ತಿಳಿದ ಮೇಲೆ ಅವಳೂ ಬೇಡವೆನ್ನಲಿಲ್ಲ.

ಅವನೇ ಒಂದು ದಿನ ಸನತ್‌ನಗರದ ಈ ಮನೆಗೆ ಬಂದು, ಸೂಗಮ್ಮನ ಎದುರು ಕೂತು ಎಚ್ಚರಿಸಿ ಹೋಗಿದ್ದ. "ಹುಷಾರ್ರಿ ಅಮ್ಮಾರ. ಇಲ್ಲೇ ಯಾರನ್ನರ ಹಿಡದು ತೆಲುಗಿನಾಗ, ಕನ್ನಡದಾಗ ಮಾತಾಡ್ಸಿ ನೋಡ್ತಾರ. ಹೋದ ಸಲ ಒಬ್ಬಾಕಿ ತಂದಿ ಫೋನೆತ್ತಿ ಯಾರು ಅನ್ನಾಕ ತೆಲುಗಿನಾಗ 'ಎವರಂಡಿ' ಅಂದ್ರು, ಕೆಲಸಾನೇ ಹೋತು. ಯಾರರ ಇರಲಿ, ಏನರ ಕೇಳಲಿ, ನೀವು ಇಂಗ್ಲಿಷ್ ಬಿಡಬ್ಯಾಡ್ರಿ."

ಸೂಗಮ್ಮ ಬಿಡಲಿಲ್ಲ. ಫೋನು ಮಾಡಿದ ಗ್ಯಾಸಿನವನು ಅವಳ ಇಂಗ್ಲಿಷಿಗೆ ಬೆದರಿ "ಸಾರಿ ಮೇಡಂ" ಎಂದು ಫೋನಿಟ್ಟ. ಸಿಲಿಂಡರ್ ಬರಲಿಲ್ಲ. ಅವಳು ಹಿಟ್ಟಿನ ಬುಟ್ಟಿ ಹೊತ್ತು ಪಕ್ಕದ ಮನೆಗೆ ಹೋದರೆ, ಗೋಡೆಯಾಚೆಯಿಂದ ಆ ಇಂಗ್ಲಿಷ್ ಕೇಳಿಸಿಕೊಂಡಿದ್ದ ಗೋದಾಬಾಯಿ ಒಲೆ ಬಿಟ್ಟು ಎದ್ದು, "ಸರೀರಿ ಎಲ್ಲಾರೂ, ದೊರೆಸಾನಿ ರೊಟ್ಟಿ ಬಡೀಲಾಕ ಬಂದಾಳ," ಎಂದಳು.

ಆ ವಾರದ ಕೊನೆಗೆ ಒಂದು ಸಂಜೆ, ಕೋಕಿಲಾ ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದಾಗ, ಅದೇ ಗೋದಾಬಾಯಿ ಬಾಗಿಲಿಗೆ ಬಂದಳು. ಈ ಸಲ ಚೇಷ್ಟೆ ಇರಲಿಲ್ಲ.

"ಸೂಗಮ್ಮಾ, ನಿಮ್ಮ ತಮ್ಮ ಸಂಗಣ್ಣ ನಮ್ಮ ಮನಿ ಫೋನಿಗಿ ಹಚ್ಯಾನ. ಬಾ ಲಗೂನ."

ಆಳಂದದಿಂದ ಕೂಗುತ್ತಿದ್ದ ಅವನ ದನಿ, ಪಕ್ಕದಲ್ಲಿ ನಿಂತ ಕೋಕಿಲಾಳಿಗೂ ಕೇಳಿಸುತ್ತಿತ್ತು. "ದೊಡ್ಡಕ್ಕ ಹೋದಳಬೇ ಅಕ್ಕಾ. ನಿನ್ನಿ ಮುಂಜಾನಿಂದ ನಿಮ್ಮ ಮನಿಗಿ ಹಚ್ಚಾಕತ್ತೀನಿ. ಆಗಿನ್ನೂ ಜೀವ ಇತ್ತು. ಸೂಗಿ ಬಂದಳೇನು, ಸೂಗಿ ಬಂದಳೇನು ಅಂತ ಕೇಳಾಕತ್ತಿದ್ಳು. ಫೋನ್ ಎತ್ತಿದ್ರ ಯಾರೋ ಹೆಣ್ಮಗಳು ಇಂಗ್ಲಿಷ್ ಮಾತಾಡಿ ಇಡ್ತಾಳ. ನಂಬರ್ ಬದ್ಲಿ ಮಾಡೀರೇನು? ಕೋಕಿಲಾನ ಮೊಬೈಲ್ ನಂಬರ್ ನನ್ನ ಹತ್ರ ಇಲ್ಲ. ಕಡೀಕ ಬಾಜು ಮನಿದು ಈ ಹಳೇ ನಂಬರ್ ಸಿಕ್ತು. ಇವತ್ತ ಮಧ್ಯಾಹ್ನ ಮಣ್ಣ ಮಾಡಿ ಬಂದ್ವಿ."

"ಹೂಂ," ಎಂದಳು ಸೂಗಮ್ಮ. ಇನ್ನೊಮ್ಮೆ "ಹೂಂ" ಎಂದು ರಿಸೀವರನ್ನು ಗೋದಾಬಾಯಿಯ ಕೈಗೆ ಕೊಟ್ಟಳು.

ಮನೆಗೆ ಬಂದು ಗೋಡೆಗೆ ಆತು ಕೂತ ತಾಯಿಯ ಮುಂದೆ ಕೋಕಿಲಾ ಕುಕ್ಕರುಗಾಲಲ್ಲಿ ಕೂತಳು.

"ಮಾಮಾನ ದನಿ ಗುರ್ತ ಸಿಗಲಿಲ್ಲೇನವ್ವಾ?"

"ಸಿಕ್ಕಿತ್ತು."

"ಮತ್ತ?"

"ಅವನಂಗ ಯಾರೋ ಮಾತಾಡ್ಸಿ ನೋಡಾಕತ್ತಾರಂತ ತಿಳದೆ. ಅಕ್ಕಾ, ಅಕ್ಕಾ ಅಂದ. ಅಕ್ಕಾ ಅನ್ನಾಕ ಯಾರಿಗರ ಬರ್ತೈತಲ್ಲ." ಸೂಗಮ್ಮ ಸೆರಗಿನ ಅಂಚನ್ನು ಮಡಿಚಿದಳು, ಬಿಚ್ಚಿದಳು. "ಎರಡ್ನೇ ಸಲ ಅಂವ ಅಳಾಕತ್ತಿದ್ದ. ಇಷ್ಟ ಚಂದ ಅಳಾಕ ಬರ್ತೈತಲ್ಲ ಇವರಿಗೆ, ಅಂದ್ಕೊಂಡೆ."

ಮಣ್ಣು ನೋಡುವುದಕ್ಕಾದರೂ ಹೋಗಬೇಕಲ್ಲ. ಮರುದಿನ ಬೆಳಿಗ್ಗೆ ಆಟೋ ಬಾಗಿಲಲ್ಲಿ ನಿಂತಿತ್ತು. ಸೂಗಮ್ಮ ಚೀಲ ಹಿಡಿದು ಹೊಸ್ತಿಲು ದಾಟಿದ್ದಳು. ಕೋಕಿಲಾ ಬೀಗ ಹಾಕುವುದರಲ್ಲಿದ್ದಾಗ ಒಳಗೆ ಫೋನು ಬಡಿದುಕೊಂಡಿತು.

"ಬಿಡವ್ವ. ಗಾಡಿ ತಪ್ಪತೈತಿ."

ಸೂಗಮ್ಮ ಚೀಲ ಕೆಳಗಿಟ್ಟು ಒಳಗೆ ನಡೆದಳು. ಮಗಳು ಹಿಂದೆಯೇ ಹೋದಳು.

"ಗುಡ್ ಮಾರ್ನಿಂಗ್. ಕೋಕಿಲಾಸ್ ಮದರ್ ಸ್ಪೀಕಿಂಗ್."

ಈ ಸಲ ಥಾಯ್ಲೆಂಡಿನ ಶಾಲೆಯವರೇ. ಆ ಕಡೆಯ ಹೆಂಗಸಿನ ಇಂಗ್ಲಿಷೂ ತಡವರಿಸುತ್ತಿತ್ತು. ಹೇಗಿದ್ದೀರಿ ಎಂದಳು, ಮನೆಯಲ್ಲಿ ಎಲ್ಲರೂ ಕ್ಷೇಮವೇ ಎಂದಳು. ಕೋಕಿಲಾ ಕೈ ಚಾಚಿ ಫೋನನ್ನು ಕತ್ತರಿಸಬಹುದಿತ್ತು. ಅವಳ ಕೈ ಬೀಗದ ಕೈಯನ್ನು ಹಿಡಿದುಕೊಂಡೇ ಇತ್ತು.

"ಎವ್ರಿಬಡಿ ಫೈನ್, ಥ್ಯಾಂಕ್ ಯೂ," ಎಂದಳು ಸೂಗಮ್ಮ. "ಅಟ್ ಹೋಮ್ ಓನ್ಲಿ ಇಂಗ್ಲಿಷ್." ಕಣ್ಣು ಗೋಡೆಯ ಮೇಲಿತ್ತು. ಆ ಹೆಂಗಸು ಸಂತೋಷದಿಂದ ಇನ್ನೇನೋ ಹೇಳಿ ನಕ್ಕಳು. ಸೂಗಮ್ಮ ಅವಳು ನಗುವುದು ಮುಗಿಯುವವರೆಗೆ ಕಾದು ರಿಸೀವರ್ ಇಟ್ಟಳು.

ಬೇಗಂಪೇಟೆಯಲ್ಲಿ ರೈಲು ಸಿಕ್ಕಿತು. ಲಿಂಗಂಪಲ್ಲಿ ದಾಟುವಷ್ಟರಲ್ಲಿ ಕೋಕಿಲಾಳ ಮೊಬೈಲಿಗೆ ಗುರುಬಸವನ ಫೋನು ಬಂತು. "ಆತ್ರಿ ಮೇಡಂ. ಭಾಳ ಖುಷಿ ಆಗ್ಯಾರ ಅವರು. ಪೇಢಾ ತಯಾರ್ ಇಡ್ರಿ."

"ಕೆಲಸ ಆತಂತವ್ವಾ," ಎಂದಳು ಕೋಕಿಲಾ.

ಸೂಗಮ್ಮ ತಲೆಯಾಡಿಸಿದಳು. ಕಿಟಕಿಯ ಆಚೆ ಹೊಸ ಕಟ್ಟಡಗಳ ಕಂಬಿಗಳು ಹಿಂದೆ ಹಿಂದೆ ಸರಿಯುತ್ತಿದ್ದವು.

ತಾಂಡೂರಿನಲ್ಲಿ ಹಸಿರು ಬಳೆಯ ಹೆಂಗಸೊಬ್ಬಳು ಬುತ್ತಿಗಂಟು ಹಿಡಿದು ಹತ್ತಿದಳು. ಸೇಡಂ ಕಡೆಯವಳಿರಬೇಕು. ಸೂಗಮ್ಮನ ಹಣೆಯ ವಿಭೂತಿ, ಸೀರೆ ಉಟ್ಟ ರೀತಿ ನೋಡಿ, "ಯಾವ ಊರಿಗಿ ಹೊಂಟೀರಿ ಯಕ್ಕಾ?" ಎಂದಳು.

ಸೂಗಮ್ಮ ಅವಳನ್ನೇ ನೋಡಿದಳು. ತುಟಿ ಬಿರಿಯಿತು. ದನಿ ಹೊರಡಲಿಲ್ಲ.

ಹೆಂಗಸು ಸ್ವಲ್ಪ ಕಾದಳು. ಆಮೇಲೆ ಅದನ್ನೇ ತೆಲುಗಿನಲ್ಲಿ ಕೇಳಿದಳು. ಅದಕ್ಕೂ ಉತ್ತರ ಬಾರದಿದ್ದಾಗ, ತಡೆತಡೆದು ಹಿಂದಿಯಲ್ಲಿ ಕೇಳಿದಳು.

ಸೂಗಮ್ಮ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು, ಕಿಟಕಿಯ ಕಡೆ ಒತ್ತಿ ಸರಿದು, ಅವಳಿಗೆ ಕೂರಲು ಜಾಗ ಮಾಡಿಕೊಟ್ಟಳು.