ತೊಂಬತ್ತೆಂಟರ ಮೇಲೊಂದು ಕಣ್ಣು

ವರುಣನ ಪ್ರೋಗ್ರಾಮಿಗೆ ನೂರಕ್ಕೆ ತೊಂಬತ್ತೆಂಟು ಬಂತೆಂದು ಕೇಳಿದಾಗಿನಿಂದ ಧಾರಿಣಿಗೆ ತಿಂದ ಅನ್ನ ಮೈಗೆ ಹತ್ತಿರಲಿಲ್ಲ. ದೆಹಲಿಯ ಆ ಸಂಸ್ಥೆಯಲ್ಲಿ ಇಬ್ಬರೂ ದಕ್ಷಿಣಾಮೂರ್ತಿ ಸರ್ ಕೈಕೆಳಗೆ ಪಿಎಚ್‌ಡಿ ಮಾಡುವವರು. ಕೆಲಸವೂ ಒಂದೇ: ರೋಗನಿರೋಧಕ ಪ್ರೋಟೀನೊಂದು ಮೈಯಲ್ಲಿ ಉರಿಯೂತ ಎಬ್ಬಿಸುತ್ತದೋ ತಣಿಸುತ್ತದೋ ಎಂದು ಕಂಪ್ಯೂಟರು ಗುರುತಿಸಬೇಕು. ಧಾರಿಣಿಯದು ಎಂಬತ್ತೊಂದಕ್ಕೇ ನಿಂತಿತ್ತು. ಫೆಲೋಶಿಪ್ಪಿಗೆ ಸರ್ ಕಳಿಸುವುದು ಒಬ್ಬರ ಹೆಸರನ್ನು ಮಾತ್ರ.

ಹೊಟ್ಟೆಕಿಚ್ಚು ಎಂದರೆ ಅವಳಿಗೆ ಸಿಟ್ಟು ಬರುತ್ತದೆ, ಅನುಮಾನ ಎನ್ನೋಣ. ಮೊನ್ನೆ ತಾನು ಹತ್ತಿರ ಹೋದಾಗ ವರುಣ್ ಲ್ಯಾಪ್‌ಟಾಪ್ ಮುಚ್ಚಿದ್ದೇಕೆ? ಚಹಾಕ್ಕೆ ಕರೆದರೆ “ನೀನು ಹೋಗಿರು” ಎಂದದ್ದೇಕೆ? ಕಳ್ಳ! ಸಂಜೆ ದ್ವಾರಕಾ ಬಡಾವಣೆಯ ಮನೆ ಸೇರಿದವಳೇ ಲ್ಯಾಬಿನ ಸರ್ವರಿನಲ್ಲಿದ್ದ ಅವನ ಫೋಲ್ಡರನ್ನು ಜಾಲಾಡಿದಳು.

ಸಿಕ್ಕಿಯೇಬಿಟ್ಟಿತು. ಕಂಪ್ಯೂಟರಿಗೆ ಕಲಿಸುವಾಗ ಮನುಷ್ಯನ ಪ್ರೋಟೀನು ತೋರಿಸಿ, ಪರೀಕ್ಷೆಯಲ್ಲಿ ಇಲಿಯ ಅದೇ ಪ್ರೋಟೀನನ್ನು ಕೇಳಲಾಗಿತ್ತು. ಎರಡೂ ಒಡಹುಟ್ಟಿದವರ ಹಾಗೆ, ಹೆಚ್ಚುಕಮ್ಮಿ ಒಂದೇ. ಕಂಪ್ಯೂಟರು ಕಲಿತದ್ದೇನೂ ಇಲ್ಲ, ಬಾಯಿಪಾಠ ಒಪ್ಪಿಸಿತ್ತು. ಅಂಥ ಜೋಡಿಗಳನ್ನೆಲ್ಲ ಕಲಿಕೆಗೋ ಪರೀಕ್ಷೆಗೋ ಒಂದೇ ಕಡೆಗೆ ಹಾಕಿ ಅವನ ಪ್ರೋಗ್ರಾಮನ್ನು ಮತ್ತೆ ಓಡಿಸಿದಳು. ಅರವತ್ತಾರು! ಧಾರಿಣಿಗೆ ಕುಣಿಯುವಷ್ಟು ಖುಷಿಯಾಯಿತು. ಸರ್‌ಗೆ ಎಲ್ಲವನ್ನೂ ಮೇಲ್ ಮಾಡಿ, ವರುಣ್ ಇದನ್ನು ಬೇಕೆಂದೇ ಮಾಡಿದ್ದಾನೆ ಎಂದೂ ಸೇರಿಸಿದಳು.

ಮರುದಿನ ಕ್ಯಾಂಟೀನಿನಲ್ಲಿ ವರುಣ್ ಎಂದಿನಂತೆ ರಾಜ್ಮಾ ತಟ್ಟೆ ಹಿಡಿದು ಬಂದು ಎದುರು ಕೂತ. ಊರಿಂದ ಬಂದ ಉಪ್ಪಿನಕಾಯಿಯನ್ನು ಅವಳ ತಟ್ಟೆಗೂ ಬಡಿಸಿದ.

“ಪರೀಕ್ಷೆಯ ಪ್ರೋಟೀನುಗಳಿಗೆ ಯಾಕೋ ಕೈ ಹಾಕಿದೆ?” ಧಾರಿಣಿ ನೇರವಾಗಿ ಕೇಳಿದಳು.

ವರುಣ್ ಕಣ್ಣು ಕಣ್ಣು ಬಿಟ್ಟ. “ನಾನೆಲ್ಲಿ ಮುಟ್ಟಿದೆ ಮಾರಾಯ್ತಿ? ಹೋದ ವರ್ಷ ನಾನು ಸೇರಿದಾಗ ಆ ಫೈಲನ್ನು ನೀನೇ ಕೊಟ್ಟಿದ್ದೆ. ‘ಕಲಿಕೆಗೆ, ಪರೀಕ್ಷೆಗೆ ಅಂತ ಎಲ್ಲ ವಿಂಗಡಿಸಿಟ್ಟಿದ್ದೀನಿ, ಇದನ್ನೇ ಬಳಸು’ ಅಂದಿದ್ದೆ. ಅಷ್ಟು ಅಂಕ ಬಂದಾಗ ನನಗೇ ನಂಬಿಕೆ ಬರಲಿಲ್ಲ. ನಗೆಪಾಟಲಾಗ್ತೀನಿ ಅಂತ ಯಾರಿಗೂ ತೋರಿಸದೆ ಮತ್ತೆ ಮತ್ತೆ ಓಡಿಸಿ ನೋಡ್ತಿದ್ದೆ.”

ಧಾರಿಣಿಗೆ ಆಗ ನೆನಪಾಯಿತು. ವಿಂಗಡಿಸಿದ್ದು ಅವಳೇ. ಅವಳ ಎಂಬತ್ತೊಂದೂ ಬಂದದ್ದು ಅದರಿಂದಲೇ.

ಅಷ್ಟರಲ್ಲಿ ಫೋನು ಸದ್ದು ಮಾಡಿತು. ಸರ್ ಉತ್ತರ ಬರೆದಿದ್ದರು: “ಭೇಷ್, ಧಾರಿಣಿ. ಹೀಗೆಯೇ ನಿನ್ನದನ್ನೂ ಓಡಿಸಿ, ಸಂಜೆಯೊಳಗೆ ಅಂಕ ಕಳಿಸು. ನಿನ್ನ ಮೇಲನ್ನು ವರುಣನಿಗೂ ಕಳಿಸಿದ್ದೇನೆ.”

ಎದುರಿನ ಫೋನೂ ಸದ್ದು ಮಾಡಿತು. ವರುಣ್ ಕೈ ಒರೆಸಿಕೊಂಡು ಓದತೊಡಗಿದ. ಧಾರಿಣಿ ತಟ್ಟೆಯಲ್ಲಿದ್ದ ಉಪ್ಪಿನಕಾಯಿಯನ್ನೇ ನೋಡುತ್ತಾ ಕೂತಳು.

“ಬೇಕೆಂದೇ ಅಂತ ಬರೆದಿದ್ದೀಯಾ, ಧಾರಿಣಿ?” ಎಂದ ಅವನು.