ನಡುಮನೆಯಲ್ಲಿ ತೋಪು

ತೋಪನ್ನು ಕಿಟಕಿಗೆ ತಾಗಿಸಿ ಇಡಬಾರದು ಎಂದು ಸುಬೇದಾರರು ಹೇಳುತ್ತಿದ್ದರು. ಕಿಟಕಿಯಿಂದ ಹೊರಗೆ ಚಾಚಿದ ನಳಿಗೆ ಮೈಲಿ ದೂರದಿಂದಲೇ ಕಾಣುತ್ತದೆ. ಅದನ್ನು ಕೋಣೆಯ ಒಳಗೆ, ಕತ್ತಲೆ ಎಲ್ಲಿ ದಟ್ಟವಾಗಿದೆಯೋ ಅಲ್ಲಿಗೆ ಹಿಂದೆ ಸರಿಸಿ ಇಡಬೇಕು. ಹೊರಗಿನಿಂದ ನೋಡಿದವನಿಗೆ ಒಂದು ಖಾಲಿ ಕಿಟಕಿ ಬಿಟ್ಟು ಬೇರೇನೂ ಕಾಣಬಾರದು.

"ಮನಿ ಅಂದ್ರ ಕಂಬಳಿ ಇದ್ಹಂಗ್ರಲೇ," ಎಂದರು. "ಹೊತ್ಕೊಂಡು ಸುಮ್ನ ಕುಂದ್ರಬೇಕು."

ನಾನು ರೊಟ್ಟಿಯ ಬುಟ್ಟಿ ಕೆಳಗಿಟ್ಟು ಬಾಗಿಲ ಬದಿಗೆ ನಿಂತು ಕೇಳುತ್ತಿದ್ದೆ. ಅದು ನಮ್ಮದೇ ಮನೆ. ಈಗ ಅಲ್ಲಿ ಯಾರೂ ಇರುವುದಿಲ್ಲ. ಭೀಮಾ ನದಿ ಎರಡು ಸಲ ಊರೊಳಗೆ ನುಗ್ಗಿದ ಮೇಲೆ ಸರಕಾರ ಮೇಲಿನ ಬಯಲಲ್ಲಿ ಹೊಸ ಮನೆಗಳನ್ನು ಕಟ್ಟಿಕೊಟ್ಟಿತು. ಎಲ್ಲರೂ ಬಾಗಿಲು, ತೊಲೆ ಕಿತ್ತುಕೊಂಡು ಮೇಲೆ ಹೋದರು. ನಮ್ಮ ಮನೆ ದಿಬ್ಬದ ಮೇಲಿದ್ದುದರಿಂದ ನೀರು ಹೊಸ್ತಿಲಿಗೆ ಬಂದು ಹಿಂದೆ ಹೋಗಿತ್ತು. ಆದ್ದರಿಂದ ಅದೊಂದು ಮಾತ್ರ ಬಾಗಿಲು, ಮಾಳಿಗೆ ಸಮೇತ ಹಾಗೇ ನಿಂತಿತ್ತು.

ಸುಬೇದಾರ ಸೂರ್ಯಕಾಂತ ಮಾದನಹಿಪ್ಪರಗಾದವರು. ಫೌಜಿನಿಂದ ನಿವೃತ್ತರಾಗಿ ಬಂದು ಅಫಜಲಪುರದಲ್ಲಿ ಸೈನ್ಯದ ಭರ್ತಿಗೆ ಹುಡುಗರನ್ನು ತಯಾರು ಮಾಡುವ ತರಬೇತಿ ಶಾಲೆ ತೆರೆದಿದ್ದರು. ಓಟ, ಹಗ್ಗ ಹತ್ತುವುದು, ಲೆಕ್ಕದ ಪರೀಕ್ಷೆ ಇವೆಲ್ಲ ಎಲ್ಲ ಶಾಲೆಗಳಲ್ಲೂ ಇವೆ. ಇವರ ಶಾಲೆಯಲ್ಲಿ ವರ್ಷಕ್ಕೊಮ್ಮೆ ಯುದ್ಧದ ಆಟವೂ ಇತ್ತು. ಈ ವರ್ಷ ಅದಕ್ಕೆ ನಮ್ಮ ಹಳೇ ಊರನ್ನು ಆರಿಸಿಕೊಂಡಿದ್ದರು. ಆಳಂದದಿಂದ, ಜೇವರ್ಗಿಯಿಂದ, ನೆಲೋಗಿಯಿಂದ ನಲವತ್ತು ಜನ ಬಂದು ಹೊಸ ಊರಿನ ಸಮುದಾಯ ಭವನದಲ್ಲಿ ಇಳಿದಿದ್ದರು. ಅವರಿಗೆ ರೊಟ್ಟಿ ಬಡಿಯುವ ಕೆಲಸ ನಮಗೆ ಮೂವರು ಹೆಂಗಸರಿಗೆ ಸಿಕ್ಕಿತ್ತು. ಆ ನಲವತ್ತರಲ್ಲಿ ನನ್ನ ತಮ್ಮ ಸಂಜುಕುಮಾರನೂ ಒಬ್ಬ. ಅವ್ವ ತೀರಿಕೊಂಡ ವರ್ಷ ನಾನು ಏಳನೆಯ ಇಯತ್ತೆ ಬಿಟ್ಟು ಒಲೆಯ ಮುಂದೆ ಕುಳಿತೆ. ಅವನು ಓದಿದ. ಅವನನ್ನು ಎತ್ತಿ ಬೆಳೆಸಿದವಳು ನಾನೇ.

ತೋಪನ್ನು ಸುಬೇದಾರರು ಬೋರವೆಲ್ಲಿನ ಕಬ್ಬಿಣದ ಪೈಪಿನಿಂದ ಮಾಡಿಸಿದ್ದರು. ಒಳಗೆ ಕಾಂಕ್ರೀಟು ತುಂಬಿ, ಹಳೇ ಟ್ರಾಲಿಯ ಗಾಲಿಗಳ ಮೇಲೆ ಕೂರಿಸಿದ್ದರು. ನಿಜವಾದದ್ದರ ಭಾರ ಕೈಗೆ ತಿಳಿಯಬೇಕೆಂದು ಬೇಕಂತಲೇ ಅಷ್ಟು ಭಾರ ಮಾಡಿಸಿದ್ದರು. ಎಂಟು ಜನ ದೂಡಿದರೆ ಅದು ಒಂದು ಮಾರು ಸರಿಯುತ್ತಿತ್ತು. ಎದುರಾಳಿಯ ಟ್ಯಾಂಕೆಂದರೆ ತಗಡಿನ ಹೊದಿಕೆ ಹಾಕಿದ ಒಂದು ದೊಡ್ಡ ಟ್ರ್ಯಾಕ್ಟರು; ಅದು ನದಿಯ ಕಡೆಯಿಂದ ಬರಬೇಕು, ತೋಪಿನವರು ಅಡಗಿ ಕೂತು ಅದನ್ನು ಹೊಡೆಯಬೇಕು.

"ಸಾಬ್, ಈ ಮನಿನೇ ಯಾಕ್ರಿ?" ಎಂದು ನೆಲೋಗಿಯ ಧಮ್ಮಪಾಲ ಕೇಳಿದ.

"ಕಿಟಕ್ಯಾಗಿಂದ ನೋಡು. ನದಿಯಿಂದ ಬರೋ ಓಣಿ ಸೀದಾ ಕಾಣ್ತದ. ಹಿಂದ ಹಿತ್ತಲ ಬಾಗಿಲ ಅದ. ತೋಪು ಹಾರಿದ್ರ ಹಿಂದಿನಿಂದ ಬೆಂಕಿ ಬರ್ತದ. ಅದಕ್ಕ ಹೋಗಾಕ ದಾರಿ ಇರದಿದ್ರ ನಿನ್ನ ಮೀಸಿ ಅಷ್ಟೇ ಅಲ್ಲ, ಮಾರಿನೂ ಹೋಗ್ತದ."

"ಅವಂಗ ಮೀಸಿ ಎಲ್ಲಿ ಬಂದಾವ್ರಿ ಸಾಬ್!" ಎಂದ ಸಂಜು. ಎಲ್ಲರೂ ನಕ್ಕರು.

ಸುಬೇದಾರರು ನಗಲಿಲ್ಲ. ಗಡಿಯಲ್ಲಿ ಯುದ್ಧ ಬಂತು ಬಂತು ಎನ್ನುತ್ತಿದ್ದ ವರ್ಷ ಅವರು ರಾಜಸ್ಥಾನದ ಒಂದು ಹಳ್ಳಿಯಲ್ಲಿ, ಬಿಟ್ಟು ಹೋದ ಯಾರದೋ ಅಡುಗೆಮನೆಯಲ್ಲಿ ತೋಪು ಇಟ್ಟುಕೊಂಡು ಹತ್ತು ತಿಂಗಳು ಕೂತಿದ್ದರಂತೆ. ಯುದ್ಧ ಬರಲಿಲ್ಲ. "ಆ ಮನಿಯವರು ವಾಪಸ್ ಬಂದಾಗ ಒಲಿ ಎಲ್ಲಿತ್ತು ಅಂತ ಅವರಿಗೇ ತಿಳೀಲಿಲ್ಲ," ಎಂದು ಹೇಳಿ, ನಮ್ಮ ನಡುಮನೆಯ ಗೋಡೆಯನ್ನು ಅಂಗೈಯಿಂದ ಸವರಿದರು. ನನಗೆ ಅದು ಸರಿ ಎನಿಸಲಿಲ್ಲ. ಕೊಳ್ಳುವ ಎತ್ತಿನ ಬೆನ್ನು ಸವರಿದ ಹಾಗಿತ್ತು.

ಆಮೇಲೆ ನೆಲಕ್ಕೆ ನೀರು ಹೊಡೆಸಿದರು. ಅದೂ ಅವರ ನಿಯಮ. ಒಣ ನೆಲವಿದ್ದರೆ ತೋಪು ಹಾರಿದಾಗ ಧೂಳೆದ್ದು ಕಿಟಕಿಯಿಂದ ಹೊರಗೆ ಬರುತ್ತದೆ, ಮನೆ ಪತ್ತೆಯಾಗುತ್ತದೆ. ನಾಲ್ಕು ಕೊಡ ನೀರು ಸುರಿದರು. ಹಳೇ ಮಣ್ಣಿನ ನೆಲ ಕಪ್ಪಗಾಗಿ ಹೊಳೆಯಿತು. ಹುಡುಗರು ಊಟಕ್ಕೆ ಹೊರಗೆ ಹೋದರು. ನಾನು ಬುಟ್ಟಿ ತೆಗೆದುಕೊಳ್ಳಲು ಒಳಗೆ ಬಂದೆ.

ಎಲ್ಲ ಕಡೆ ನೀರು ನಿಂತಿತ್ತು. ನಡುವೆ, ತೋಪಿನ ಬಾಲ ಬರಬೇಕಾದ ಜಾಗದಲ್ಲಿ ಮಾತ್ರ ನೀರಿರಲಿಲ್ಲ. ಬೀಸುವ ಕಲ್ಲಿಗಿಂತ ದೊಡ್ಡದಾದ ಒಂದು ಗುಂಡನೆಯ ಗೆರೆ ಅಲ್ಲಿ ಎದ್ದು ಕಾಣುತ್ತಿತ್ತು. ಸುತ್ತಲಿನ ನೀರು ಸಣ್ಣಗೆ ಹರಿದು ಬಂದು ಆ ಗೆರೆಯಲ್ಲಿ ಇಳಿಯುತ್ತಿತ್ತು. ಬಗ್ಗಿ ಕೇಳಿದೆ. ತುಂಬ ಕೆಳಗೆ ಎಲ್ಲೋ ಹನಿ ಬೀಳುವ ಸದ್ದು.

ನಮ್ಮ ಕಡೆ ಹಳೇ ಮನೆಗಳಲ್ಲಿ ಜೋಳ ತುಂಬಿಡಲು ನೆಲದೊಳಗೆ ಹಗೇವು ತೋಡುತ್ತಿದ್ದರು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಮಾತ್ರ ಒಂದು ಕೋಣೆಯಷ್ಟು. ಆದರೆ ನಮ್ಮ ಮನೆಯಲ್ಲಿ ಹಗೇವು ಇಲ್ಲ ಎಂದೇ ನಾನು ಕೇಳಿ ಬೆಳೆದದ್ದು.

ಸಂಜೆ ಮನೆಗೆ ಬಂದು ಆಯಿಯನ್ನು ಕೇಳಿದೆ. ನನ್ನ ಅಪ್ಪನ ತಾಯಿ ಗುರಮ್ಮ, ಎಂಬತ್ತು ದಾಟಿದವಳು. ಹೊಸ ಮನೆಯ ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡುತ್ತಿದ್ದಳು.

"ಆಯಿ, ನಮ್ಮ ನಡುಮನ್ಯಾಗ ಹಗೇವು ಅದ ಏನು?"

ಮೊರ ಅವಳ ಕೈಯಲ್ಲಿ ನಿಂತಿತು. "ಯಾರ್ ಹೇಳಿದ್ರು ನಿನಗ?"

"ಯಾರೂ ಹೇಳಿಲ್ಲ. ನೀರು ಇಂಗಾಕತ್ತಿತ್ತು."

"ಇಲ್ಲ ಬೇ. ಇಲಿ ಬಿಲ ಇರಬೇಕು."

"ಅಲ್ಲೇ ತೋಪು ಇಡಾಕತ್ತಾರ ಆಯಿ. ನಾಳಿ ಸಂಜು ಅದರ ಬಾಲದ ಕಡಿ ಕುಂದರ್ತಾನ."

ಆಯಿ ಮೊರ ಕೆಳಗಿಟ್ಟಳು. ಆಮೇಲೆ ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದಳು.

ಹಳೇ ಮನೆಯ ಹಗೇವಿನ ಮಾತು ಅತ್ತೆಯಿಂದ ಸೊಸೆಗೆ ಮಾತ್ರ ಬರಬೇಕು. ಗಂಡಸರಿಗೆ ಹೇಳುವಂತಿಲ್ಲ, ಮನೆಯಲ್ಲೇ ಹುಟ್ಟಿದ ಹೆಣ್ಣುಮಕ್ಕಳಿಗಂತೂ ಹೇಳಲೇಬಾರದು. ಆಯಿ ಅದನ್ನು ನನ್ನ ಅವ್ವನಿಗೆ ಹೇಳಿದ್ದಳು, ಅವ್ವ ಸತ್ತಳು. ಇನ್ನು ಸಂಜುವಿನ ಹೆಂಡತಿ ಬರುವವರೆಗೆ ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡು ಕಾಯುತ್ತಿದ್ದಳು.

ನಿಜಾಮನ ಆಳಿಕೆಯ ಕೊನೆಯ ವರ್ಷ ಊರೂರಿಗೆ ಲೂಟಿಗಾರರು ನುಗ್ಗುತ್ತಿದ್ದಾಗ, ಆಯಿಯ ಅತ್ತೆ ತನ್ನ ಇಬ್ಬರು ಹೆಣ್ಣುಮಕ್ಕಳನ್ನು, ಅಂದರೆ ನನ್ನ ಅಜ್ಜ ಮುತ್ಯಾನ ಅಕ್ಕಂದಿರನ್ನು, ಹಗೇವಿನಲ್ಲಿ ಇಳಿಸಿ ಮೇಲೆ ಬಂಡೆ ಮುಚ್ಚಿದಳು. ಹೊಸದಾಗಿ ಜೋಳ ತೆಗೆದ ಹಗೇವು. ಒಳಗಿನ ಗಾಳಿ ಕೆಟ್ಟಿತ್ತು. ಲೂಟಿಗಾರರು ಹೋದ ಮೇಲೆ ತೆಗೆದು ಕೂಗಿದರೆ ಉತ್ತರವಿಲ್ಲ. ಅವರನ್ನು ಎತ್ತಲು ಇಳಿದ ಅವಳ ಮೈದುನನೂ ಮೇಲೆ ಬರಲಿಲ್ಲ. ಆಮೇಲೆ ಯಾರೂ ಇಳಿಯಲಿಲ್ಲ. ಬಂಡೆ ಹಾಕಿ, ಮೇಲೆ ಮಣ್ಣು ಬಡಿದು, ಸೆಗಣಿ ಸಾರಿಸಿದರು. ಮೂವರೂ ಸೊಲ್ಲಾಪುರಕ್ಕೆ ಓಡಿಹೋದರು, ಅಲ್ಲಿಂದ ಸುದ್ದಿ ಇಲ್ಲ ಎಂದು ಊರಿಗೆ ಹೇಳಿದರು.

"ಹೆಣ್ಮಕ್ಕಳಿಗೆ ಯಾಕ ಹೇಳಬಾರದು?" ಎಂದೆ.

"ಹೇಳಿದ್ರ ಇಳೀತಾರ," ಎಂದಳು ಆಯಿ. "ಅಂಜಿಕಿ ಬಂದಾಗ ಅಡಗಾಕ ಜಾಗ ಅದ ಅಂತ ಗೊತ್ತಿದ್ರ ಇಳದೇ ಇಳೀತಾರ."

ನನ್ನ ಕೈ ಹಿಡಿದು ತನ್ನ ಕೊರಳಿನ ಲಿಂಗದ ಮೇಲೆ ಇಟ್ಟುಕೊಂಡಳು. "ಮುಟ್ಟಿ ಹೇಳು. ಹೊರಗ ಆಡಂಗಿಲ್ಲ. ಹಾವು ಅದ ಅನ್ನು, ದೆವ್ವ ಅದ ಅನ್ನು, ಸಂಜೂನ ಕರಕೊಂಡು ಬಾ. ಇದನ್ನ ಮಾತ್ರ ಆಡಬ್ಯಾಡ."

ನಾನು ಮುಟ್ಟಿ ಹೇಳಿದೆ. ನನಗೆ ಮೊದಲೇ ನಾಲ್ಕು ಜನರ ಮುಂದೆ ಬಾಯಿ ಬರುವುದಿಲ್ಲ. ಸುಮ್ಮನಿರುವುದು ಸುಲಭ ಎಂದು ಆಗ ಅನಿಸಿತ್ತು.

ಮರುದಿನ ಬೆಳಿಗ್ಗೆ ಹಾವಿನ ಮಾತು ಹೇಳಿದೆ. ಸಂಜು ನಕ್ಕುಬಿಟ್ಟ. "ಹಾವಿಗೂ ಒಂದು ಯೂನಿಫಾರಂ ಹೊಲಸ್ತೇವಿ ಬಿಡ ಯಕ್ಕಾ. ನಡಿ, ನೀ ರೊಟ್ಟಿ ನೋಡು." ಹೊರಟೇಬಿಟ್ಟ.

ಹತ್ತು ಗಂಟೆಗೆ ಆಟ ಶುರುವಾಗುವುದಿತ್ತು. ಹೊಸ ಊರಿನ ಜನರೆಲ್ಲ ಆಚೆಯ ದಿಬ್ಬದ ಮೇಲೆ ಸಾಲಾಗಿ ಕೂತು ಸೀಟಿ ಹೊಡೆಯುತ್ತಿದ್ದರು. ಟ್ರ್ಯಾಕ್ಟರು ನದಿಯ ದಂಡೆಯಲ್ಲಿ ಹೊಗೆ ಉಗುಳುತ್ತ ನಿಂತಿತ್ತು. ಸುಬೇದಾರರು ಅದರ ಡ್ರೈವರನಿಗೆ ಎಲ್ಲರ ಮುಂದೆ ಕೂಗಿ ಹೇಳಿದ್ದನ್ನು ನಾನು ಕೇಳಿದ್ದೆ: "ಮನಿಯಿಂದ ಯಾರರ ಕೈ ಬೀಸ್ಕೋತ ಬಂದ್ರ ನಂಬಬ್ಯಾಡ. ಅದು ಮೋಸ. ನಿಂತಿ ಅಂದ್ರ ನೀ ಸತ್ತಿ."

ನಾನು ಹಿತ್ತಲಿನಿಂದ ಮನೆಯೊಳಗೆ ಹೋದೆ. ತೋಪು ನಡುಮನೆಗೆ ಬಂದಾಗಿತ್ತು. ಒದ್ದೆ ನೆಲದ ಮೇಲೆ ಜಾರದಂತೆ ಅದರ ಬಾಲದ ಸುತ್ತ ಇಪ್ಪತ್ತು ಮರಳಿನ ಚೀಲ ಒಟ್ಟಿದ್ದರು. ಎಲ್ಲ ಭಾರವೂ ಆ ಗುಂಡನೆಯ ಗೆರೆಯ ಮೇಲೆ. ಐದು ಜನ ಮೊಣಕಾಲೂರಿ ಕೂತಿದ್ದರು. ಸಂಜು ಎಲ್ಲರಿಗಿಂತ ಆಚೆ, ಮೂಲೆಯಲ್ಲಿ. ಅವನು ಯಾವ ಬಾಗಿಲಿಗೆ ಬರಬೇಕಾದರೂ ಚೀಲಗಳನ್ನು ದಾಟಿಯೇ ಬರಬೇಕು.

"ಸಂಜು, ಹೊರಗ ಬಾ."

"ಯಕ್ಕಾ! ಮರ್ಯಾದಿ ತೆಗಿಬ್ಯಾಡ. ನಡಿ ಅತ್ಲಾಗ."

"ಅಕ್ಕಾರ, ನೀವೂ ಭರ್ತಿ ಆಗಾಕ ಬಂದೀರೇನ್ರಿ?" ಎಂದ ಧಮ್ಮಪಾಲ.

ಸುಬೇದಾರರು ಒಳಗೆ ಬಂದರು. "ಇಕಿನ್ನ ಯಾರ್ ಒಳಗ ಬಿಟ್ರು?"

ಎಲ್ಲರೂ ನನ್ನನ್ನು ನೋಡಿದರು. ಲಿಂಗ ಮುಟ್ಟಿ ಕೊಟ್ಟ ಮಾತಿತ್ತು. ಬಾಗಿಲ ಬಳಿ ಅವರದೇ ನೀರಿನ ಕೊಡವಿತ್ತು. ಅದನ್ನೆತ್ತಿ ಚೀಲಗಳ ಬುಡಕ್ಕೆ ಪೂರ್ತಿ ಸುರಿದೆ.

"ಹುಚ್ಚಿ ಏನಬೇ!" ಎಂದು ಸಂಜು ಎದ್ದ.

"ಏಳಬ್ಯಾಡ," ಎಂದರು ಸುಬೇದಾರರು. ಅವರ ದನಿ ಒಮ್ಮೆಲೇ ಇಳಿದಿತ್ತು. ನೀರು ಹರಿದು ಹೋಗಿ ಮಾಯವಾಗುವುದನ್ನು ಅವರೂ ನೋಡಿದ್ದರು. ಮೆಲ್ಲಗೆ ಮಲಗಿ ನೆಲಕ್ಕೆ ಕಿವಿ ಕೊಟ್ಟರು.

"ಯಾರೂ ಜಿಗೀಬ್ಯಾಡ್ರಿ. ಹೊಟ್ಟಿ ಮ್ಯಾಲ ತೆವಳಿಕೋತ, ಒಬ್ಬೊಬ್ರೇ ಬರ್ರಿ. ಧಮ್ಮಪಾಲ, ಮೊದಲ ನೀ. ಹೋಗಿ ಟ್ರ್ಯಾಕ್ಟರ್ ನಿಂದ್ರಸು."

ಧಮ್ಮಪಾಲ ಹೊರಗೆ ಓಡಿ ಎರಡೂ ಕೈ ಬೀಸಿದ. ದಿಬ್ಬದ ಮೇಲೆ ಜನ ಕೇಕೆ ಹಾಕಿದರು. ಡ್ರೈವರನಿಗೆ ಹೇಳಿಕೊಟ್ಟದ್ದು ನೆನಪಿತ್ತು. ಅವನು ಗೇರು ಬದಲಿಸಿ ಇನ್ನೂ ಜೋರಾಗಿ ಓಣಿಯೊಳಗೆ ಬಂದ. ಸುಬೇದಾರರು ಸೀಟಿ ಊದಿದರು; ಜನ ಅದೂ ಆಟವೇ ಎಂದುಕೊಂಡರು.

ನಾಲ್ವರು ಹೊರಗಾದರು. ಸಂಜು ಉಳಿದ. ಸುಬೇದಾರರು ಹಿತ್ತಲ ಬಾಗಿಲನ್ನು ಕೀಲಿನಿಂದ ಎತ್ತಿ ನೆಲದ ಮೇಲೆ ಅಡ್ಡ ಹಾಸಿದರು. "ಇದರ ಮ್ಯಾಲ ಬಾ. ನಿಧಾನ." ಅವನು ಅಂಗೈ ಊರಿ ಹತ್ತಿದ. ಹೊರಗೆ ಟ್ರ್ಯಾಕ್ಟರು ನಮ್ಮ ಕಟ್ಟೆಯ ಹತ್ತಿರ ಬಂದಿತ್ತು. ಮಾಳಿಗೆಯಿಂದ ಮಣ್ಣು ಉದುರಿತು. ನೆಲ ನಡುಗಿತು.

ಸದ್ದು ದೊಡ್ಡದೇನೂ ಆಗಲಿಲ್ಲ. ದೊಡ್ಡ ದನ ಉಸಿರು ಬಿಟ್ಟ ಹಾಗೆ ಕೇಳಿಸಿತು. ಚೀಲಗಳು ಒಂದೊಂದಾಗಿ ಒಳಗೆ ಹೋದವು, ಅವುಗಳ ಹಿಂದೆ ತೋಪಿನ ಬಾಲ. ನಳಿಗೆ ಮೇಲೆದ್ದು ಜಂತಿಗೆ ಬಡಿಯಿತು. ಬಾಗಿಲು ಓರೆಯಾಗಿ ಸಂಜು ಜಾರಿದ. ನಾನು ಅವನ ಒಂದು ಕೈ ಹಿಡಿದೆ, ಸುಬೇದಾರರು ಕಾಲರು ಹಿಡಿದರು. ಅವನ ಕಾಲುಗಳು ಗಾಳಿಯಲ್ಲಿದ್ದವು. ಅಂಗಿ ಹರಿಯಿತು, ಕೈ ಬಿಡಲಿಲ್ಲ. ಎಳೆದು ಹಾಕಿದೆವು.

ಟ್ರ್ಯಾಕ್ಟರು ಈಗ ನಿಂತಿತು. ಜನ ಓಡಿ ಬಂದು ಬಾಗಿಲಲ್ಲಿ ಸೇರಿದರು. ಸಂಜು ಎದ್ದು ಕೂತ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎಂದು ಅವನಿಗೆ ಗೊತ್ತಾಯಿತು.

"ಸಾಬ್, ತೋಪು ಬಿಟ್ಟು ಬರಬಾರದು ಅಂತ ನೀವೇ ಹೇಳೀರಿ. ಹಗ್ಗ ಕೊಡ್ರಿ, ನಾ ಇಳಿದು ಕಟ್ತೇನಿ."

ಸುಬೇದಾರರು ಕುಸಿದ ಅಂಚನ್ನೇ ನೋಡುತ್ತಿದ್ದರು, ಅವನ ಮಾತು ಕೇಳಿಸಿದಂತಿರಲಿಲ್ಲ. ಯಾರೋ ಹಗ್ಗ ಎಸೆದರು. ಸಂಜು ಅದನ್ನು ಸೊಂಟಕ್ಕೆ ಸುತ್ತಿ, ಒಂದು ಕಾಲು ಒಳಗೆ ಇಳಿಬಿಟ್ಟ.

"ಇಳೀಬ್ಯಾಡ!" ನಾನು ಕೂಗಿದೆ. ನನ್ನ ದನಿ ಅಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. "ಅಲ್ಲಿ ಗಾಳಿ ಇಲ್ಲ. ಮೂರು ಮಂದಿ ಸತ್ತಾರ ಅಲ್ಲಿ. ನಮ್ಮ ಮುತ್ಯಾನ ಅಕ್ಕಗೋಳು ಇಬ್ರು. ಅವರನ್ನ ತರಾಕ ಇಳಿದ ಅವರ ಕಾಕಾ. ಸೊಲ್ಲಾಪುರಕ್ಕ ಹೋಗಿಲ್ಲ ಅವರು, ಇಲ್ಲೇ ಅದಾರ."

ಸಂಜು ನನ್ನ ಮುಖ ನೋಡಿದ. ಕಾಲು ಮೇಲಕ್ಕೆ ತೆಗೆದುಕೊಂಡ. ಸುಬೇದಾರರು ಬಂದು ಅವನ ಸೊಂಟದ ಹಗ್ಗವನ್ನು ತಾವೇ ಬಿಚ್ಚಿದರು. ನಳಿಗೆ ಕುಳಿಯಿಂದ ಹೊರಗೆ ಚಾಚಿಕೊಂಡು, ಕಿಟಕಿಯ ಕಡೆಗೇ ಮುಖ ಮಾಡಿ ನಿಂತಿತ್ತು.

ಸುಬೇದಾರರು ಮೊಬೈಲಿನ ದೀಪ ಹಚ್ಚಿ ಒಳಗೆ ಬೆಳಕು ಬಿಟ್ಟರು, ಒಂದು ಗಳಿಗೆಯಷ್ಟೇ. ಕೂಡಲೇ ಆರಿಸಿ, ಎಲ್ಲರೂ ಹೊರಗೆ ಹೋಗಿ ಎಂದರು.

ನಾನು ಮನೆಗೆ ಹೋಗುವ ಮೊದಲೇ ಸುದ್ದಿ ಮುಟ್ಟಿತ್ತು. ಆಯಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಸಂಜು ಹೊರಗೆ ಕಟ್ಟೆಯ ಮೇಲೆ ಕೆಮ್ಮಿದ. ಅವನ ಸದ್ದು ಕೇಳಿ ಅವಳ ಹೆಗಲು ಸಡಿಲಾಯಿತು. ಆದರೂ ನನ್ನ ಕಡೆ ತಿರುಗಲಿಲ್ಲ. ಕತ್ತಲಾಗುವ ಹೊತ್ತಿಗೆ ಒಂದೇ ಮಾತು ಕೇಳಿದಳು.

"ಕಂಡ್ರೇನು?"

"ನಾ ನೋಡಿಲ್ಲ ಆಯಿ," ಎಂದೆ.

ನೋಡಿದ್ದೆ. ಆಚೆ ಬದಿಯ ಗೋಡೆಗೆ, ಮಣ್ಣು ಬೀಳದ ಜಾಗದಲ್ಲಿ ಒಂದು ತಾಮ್ರದ ತಂಬಿಗೆ ಇತ್ತು. ಮಕ್ಕಳಿಗೆ ನೀರಡಿಸಬಾರದೆಂದು ತಾಯಿ ಕೊಟ್ಟು ಕಳಿಸಿದ್ದಿರಬೇಕು. ಚೆಲ್ಲದ ಹಾಗೆ ನೆಟ್ಟಗೆ ಇಟ್ಟಿದ್ದರು. ಅದರ ಮುಚ್ಚಳವನ್ನೂ ಯಾರೂ ತೆಗೆದಿರಲಿಲ್ಲ.