ಸೇದಿದರೆ ಮೇಲೆ ಬರುವ ಸುದ್ದಿ

ನಾನು ಒಂದು ಸುದ್ದಿ. ಹಾಗೆಂದ ಮಾತ್ರಕ್ಕೆ ಮರುದಿನ ಮಂಡಕ್ಕಿ ಗಿರಮಿಟ್ ಕಟ್ಟುವ ಕಾಗದ ಎಂದುಕೊಳ್ಳಬೇಡಿ. ಪರದೆಯ ಮೇಲೆ ಬೆರಳಾಡಿಸಿದಂತೆ ಸರಿಯುವ, ಸರಿದಂತೆಲ್ಲ ಚಿತ್ರಗಳಿಗೆ ಜೀವ ಬರುವ ಸುದ್ದಿ. ಸ್ಕ್ರೋಲ್ ಕಥೆ ಎನ್ನುತ್ತಾರೆ. ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ಪತ್ರಿಕೆಯ ಕಂಪ್ಯೂಟರಿನಲ್ಲಿ. ಹೆತ್ತವಳು ಅಲ್ಲಿನ ಚಿತ್ರ ವಿನ್ಯಾಸಕಿ ಮೆಹರ್.

ನನ್ನ ಹುಟ್ಟಿಗೆ ಕಾರಣ ಸಾವು. ಇಳಕಲ್ಲಿನ ಕಡೆ ಒಂದು ಕಲ್ಲುಗಣಿಯನ್ನು ಆಸೆಬುರುಕ ಮಾಲೀಕ ಬಾವಿಯಂತೆ ನೆಟ್ಟಗೆ ಕೊರೆಸಿದ್ದ. ಒಂದು ಬೆಳಿಗ್ಗೆ ಗೋಡೆ ಕುಸಿದು ತಳದಲ್ಲಿದ್ದ ಕೂಲಿಯವರೆಲ್ಲ ಹೋದರು. ಓದುಗನೂ ಅವರ ಜೊತೆಗೇ ಇಳಿಯಬೇಕು ಎಂದಳು ಮೆಹರ್. ಪುಟ ಕೆಳಗೆ ಸರಿದಂತೆ ಪುಟ್ಟ ಪುಟ್ಟ ಮನುಷ್ಯರು ಏಣಿ ಇಳಿಯುವಂತೆ, ತಳ ಮುಟ್ಟುತ್ತಲೇ ಗೋಡೆ ಬೀಳುವಂತೆ ನನ್ನನ್ನು ಕಟ್ಟಿದಳು.

ಯಾರು ಏನು ಉಟ್ಟಿದ್ದರೆಂದು ಮನೆಮನೆಗೆ ಹೋಗಿ ಕೇಳಿದ್ದಳು. ದುರಗವ್ವ ತನ್ನ ಗಂಡ ಯಂಕಪ್ಪನಿಗೆ ಹಳದಿ ರುಮಾಲು ಇತ್ತೆಂದಳು. ಅವನ ಹೆಣವನ್ನು ಬಟ್ಟೆಯಲ್ಲಿ ಬಿಗಿದು ತಂದು ಕೊಟ್ಟು, ಮುಖ ಬಿಚ್ಚಬೇಡ ಎಂದಿದ್ದರಂತೆ. ಅವಳು ಬಿಚ್ಚಿರಲಿಲ್ಲ. ಮೆಹರ್ ಆ ರುಮಾಲನ್ನು ಬಹಳ ಅಕ್ಕರೆಯಿಂದ ಬಿಡಿಸಿದಳು.

ಕಚೇರಿಯವರದು ಒಂದೇ ತಪ್ಪು. ನನ್ನನ್ನು ಕೆಳಗಿಳಿಸಿ ಇಳಿಸಿ ಪರೀಕ್ಷೆ ಮಾಡಿದರೇ ಹೊರತು ಒಬ್ಬರಾದರೂ ಹಿಂದಕ್ಕೆ ಎಳೆದು ನೋಡಲಿಲ್ಲ. ಓದುಗ ಇಳಿಯುತ್ತಾನೆ, ಮುಗಿಸುತ್ತಾನೆ, ಚಹಾಕ್ಕೆ ಏಳುತ್ತಾನೆ ಎಂದು ಅವರ ಎಣಿಕೆ. ಹಿಂದಕ್ಕೆ ಎಳೆದರೆ ನನ್ನೊಳಗೆ ಬಂಡೆಗಳು ಎದ್ದು ಗೋಡೆಗೆ ಅಂಟಿಕೊಳ್ಳುತ್ತಿದ್ದವು. ಸತ್ತವರು ಏಣಿ ಹತ್ತಿ ಮೇಲೆ ಬರುತ್ತಿದ್ದರು.

ನಾನು ಊರೆಲ್ಲ ಓಡಾಡಿದ ಮೇಲೆ ಸಂಪಾದಕ ವಾದಿರಾಜರ ಕಣ್ಣಿಗೆ ಅದು ಬಿತ್ತು. ಸತ್ತವರನ್ನು ಬೊಂಬೆಯಾಟ ಆಡಿಸಿದ ಹಾಗಾಯಿತು, ಬಿದ್ದ ಗೋಡೆ ಬಿದ್ದೇ ಇರುವಂತೆ ಬೀಗ ಹಾಕು ಎಂದರು. ಮೆಹರಳಿಗೂ ನಾಚಿಕೆಯಾಯಿತು. ಮೊದಲು ಆ ಮನೆಯವರ ಕ್ಷಮೆ ಕೇಳುತ್ತೇನೆಂದು ಹೊರಟಳು.

ದುರಗವ್ವ ಅಂಗಳದಲ್ಲಿ ಕೂತು ತೊಡೆಯ ಮೇಲಿನ ಮೊಬೈಲಿನಲ್ಲಿ ನನ್ನನ್ನೇ ತೆರೆದಿದ್ದಳು. ಹೆಬ್ಬೆರಳನ್ನು ಮೇಲಿಂದ ಕೆಳಕ್ಕೆ ಎಳೆಯುತ್ತಿದ್ದಳು, ಎತ್ತಿ ಮತ್ತೆ ಎಳೆಯುತ್ತಿದ್ದಳು. ಏನು ಮಾಡುತ್ತಿದ್ದೀ ಎಂದು ಮೆಹರ್ ಕೇಳಿದಳು.

“ಸೇದಾಕ ಹತ್ತೀನಿ ಯವ್ವಾ,” ಎಂದಳು ದುರಗವ್ವ. “ಕೆಳಗ ಹ್ವಾದಾಂವನ್ನ ಸೇದಾಕ ಹತ್ತೀನಿ. ಹಗ್ಗ ಕೆಳಗ ಜಗ್ಗಿದ್ರ ಕೊಡ ಮ್ಯಾಲ ಬರೂದಿಲ್ಲೇನು? ಹಂಗ ಬರ್ತಾನ ನೋಡು. ರುಮಾಲು ಮದಲ ಕಾಣತೈತಿ.”

ಮೆಹರ್ ಕ್ಷಮೆ ಕೇಳದೆಯೇ ವಾಪಸು ಬಂದಳು. ಕಂಡದ್ದನ್ನು ವಾದಿರಾಜರಿಗೆ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿ, ಬೀಗ ಬೇಡ, ಇರಲಿ ಬಿಡು ಎಂದರು.

ಮೊದಮೊದಲು ಹೊಗಳಿದವರೆಲ್ಲ ನನ್ನನ್ನು ಮರೆತರು; ಸುದ್ದಿಯ ಹಣೆಬರಹವೇ ಅಷ್ಟು. ದುರಗವ್ವ ಮಾತ್ರ ದಿನವೂ ಬರುತ್ತಿದ್ದಳು. ಕಲ್ಲು ಹೊತ್ತು ಸವೆದ ಆ ಹೆಬ್ಬೆರಳನ್ನು ಪರದೆ ಒಮ್ಮೊಮ್ಮೆ ಬೆರಳೆಂದೇ ಗುರುತಿಸುತ್ತಿರಲಿಲ್ಲ. ಆಗ ಅವಳು ಸೆರಗಿಗೆ ಒರೆಸಿಕೊಂಡು ಮತ್ತೆ ಸೇದುತ್ತಿದ್ದಳು. ಯಂಕಪ್ಪ ಬರುತ್ತಿದ್ದ. ಅವನನ್ನು ಏಣಿಯ ತುದಿಯಲ್ಲಿ ನಿಲ್ಲಿಸಿ ಅವಳು ಕೆಲಸಕ್ಕೆ ಹೋಗುತ್ತಿದ್ದಳು.

ಆಮೇಲೆ ಪತ್ರಿಕೆ ಬೇರೆಯವರ ಕೈಗೆ ಹೋಯಿತು. ಮೆಹರಳ ವಿಭಾಗ ಮುಚ್ಚಿ ಅವಳನ್ನು ಮನೆಗೆ ಕಳಿಸಿದರು. ಹೊಸ ವೆಬ್‌ಸೈಟಿಗೆ ನಮ್ಮಂಥ ಹಳೆಯ ಸುದ್ದಿಗಳನ್ನೆಲ್ಲ ಗೋಣಿಚೀಲದಂತೆ ಎಳೆದು ಹಾಕಿದಾಗ ನನ್ನ ಚಲನೆಯೆಲ್ಲ ಸತ್ತಿತು. ಅಕ್ಷರ ಉಳಿಯಿತು. ಚಿತ್ರಗಳಲ್ಲಿ ಕೊನೆಯದೊಂದೇ ಉಳಿಯಿತು, ಬಿದ್ದ ಬಂಡೆಗಳದು.

ದುರಗವ್ವ ಸೇದಿದಳು. ಅಕ್ಷರ ಬಂತು, ಅವನು ಬರಲಿಲ್ಲ. ಬೆರಳು ಒರೆಸಿಕೊಂಡು ಮತ್ತೆ ಸೇದಿದಳು. ಅಯ್ಯೋ, ನನಗಾದ ಸಂಕಟ ಯಾರಿಗೆ ಹೇಳಲಿ! ಮೊಬೈಲು ಕೆಟ್ಟಿದೆಯೆಂದು ಅವಳು ಮೆಹರಳಿಗೆ ಫೋನು ಮಾಡಿದಳು. ಹೊಸ ಸೈಟಿಗೆ ಹಳೆಯ ಚಿತ್ರ ಆಡಿಸಲು ಬರುವುದಿಲ್ಲ, ತನ್ನ ಕೈಯಲ್ಲಿ ಈಗ ಏನೂ ಇಲ್ಲ ಎಂದು ಮೆಹರ್ ಅಳುತ್ತಲೇ ಹೇಳಿದಳು.

“ಅಂವ ಈಗ ಎಲ್ಲದಾನ ಯವ್ವಾ? ಕೆಳಗೋ, ಮ್ಯಾಲೋ?”

ಮೆಹರ್ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ಕೆಳಗ ಅದಾನ,” ಎಂದಳು.

“ಹಂಗಾರ ಅವತ್ತ ಮಾರಿ ತೋರಸದ ಬಟ್ಟ್ಯಾಗ ಕಟ್ಟಿ ಕೊಟ್ಟದ್ದು ಅಂವನ್ನ ಖರೇ,” ಎಂದಳು ದುರಗವ್ವ.

ಈಗಲೂ ಒಮ್ಮೊಮ್ಮೆ ನನ್ನನ್ನು ತೆರೆಯುತ್ತಾಳೆ. ಸೇದುವುದಿಲ್ಲ. ಪರದೆ ತಾನಾಗಿ ಆರುವವರೆಗೆ ಬಂಡೆಗಳ ಮೇಲೆ ಹೆಬ್ಬೆರಳು ಇಟ್ಟುಕೊಂಡು ಕೂರುತ್ತಾಳೆ.